ಹಾಲು ಹಾಕೋಕೆ ಬರ್ತಿದ್ದವರ ಹತ್ತಿರ ಏನು ಮಾತಾಡಲಿ?

ಪ್ರಶ್ನೆ: ನಾನು ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಾಲಿನ ಡೈರಿ ಸೆಕ್ರೆಟರಿ. ಹದಿನೇಳು ವರ್ಷದಿಂದ ಇದೇ ಕೆಲಸ. ನಮ್ಮ ಡೈರಿಗೆ ದಿನಾ ಎರಡು ಹೊತ್ತು ಹಾಲು ಹಾಕುವ ಒಬ್ಬರು, ಮೂವತ್ತೆಂಟು ವರ್ಷದವರು, ಒಂದೂವರೆ ತಿಂಗಳ ಹಿಂದೆ ಜೀವ ತೆಗೆದುಕೊಳ್ಳಲು ಹೋಗಿದ್ದರು. ಪುಣ್ಯಕ್ಕೆ ಉಳಿದರು. ಆಸ್ಪತ್ರೆಯಿಂದ ಬಂದು ಮೂರು ವಾರ ಆಯ್ತು. ಬಂದ ಮೇಲೆ ಮೊದಲ ಸಲ ಡೈರಿಗೆ ಬಂದಾಗ ಸಾಲಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿಬಿಟ್ಟರು. ನಾನೂ ತಲೆ ತಗ್ಗಿಸಿ ಚೀಟಿ ಕೊಟ್ಟೆ. ಮಾರನೇ ದಿನದಿಂದ ಮಗಳ ಕೈಯಲ್ಲಿ ಕ್ಯಾನ್ ಕಳಿಸುತ್ತಿದ್ದಾರೆ. ಆ ಮಗು ಆರನೇ ಕ್ಲಾಸು. ನಾನು ಡಾಕ್ಟರ್ ಅಲ್ಲ, ಅವರ ನೆಂಟನೂ ಅಲ್ಲ. ಏನಾದ್ರೂ ಮಾತಾಡಿ ಇನ್ನೂ ಕೆಡಿಸಿಬಿಟ್ಟರೆ ಅನ್ನೋ ಭಯ. ಆ ವಿಷಯ ಎತ್ತಬಹುದಾ? ಕೇಸು ಗೀಸು ಆಗುತ್ತೆ ಅಂತ ಮನೆಯವರೂ ಬಾಯಿ ಬಿಡ್ತಿಲ್ಲ. ನನ್ನಂಥವನು ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರ ಓದುತ್ತಾ "ನಾನೂ ತಲೆ ತಗ್ಗಿಸಿ ಚೀಟಿ ಕೊಟ್ಟೆ" ಅನ್ನೋ ಜಾಗಕ್ಕೆ ಬಂದಾಗ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅವತ್ತು ಆ ಸಾಲಿನಲ್ಲಿ ಇದ್ದವರು ಯಾರೂ ಕೆಟ್ಟವರಲ್ಲ. ಏನು ಹೇಳಬೇಕು ಅಂತ ತಿಳಿಯದೆ ಬಾಯಿ ಮುಚ್ಚಿಕೊಂಡರು. ಆದರೆ ಅವರಿಗೆ ಅದು ಬೇರೆ ಥರ ಕೇಳಿಸಿರುತ್ತೆ. "ನೀನು ಈಗ ನಮ್ಮವನಲ್ಲ" ಅಂತ. ಅದಕ್ಕೇ ಮಗಳು ಕ್ಯಾನ್ ತರುತ್ತಿದ್ದಾಳೆ.

ನಿಮಗೆ ಅದು ನೆನಪಿನಲ್ಲಿ ಉಳಿದಿದೆ, ಮನಸ್ಸಿಗೆ ಚುಚ್ಚುತ್ತಿದೆ, ಪತ್ರ ಬರೆದಿದ್ದೀರಿ. ಇಷ್ಟಿದ್ದರೆ ಸಾಕು, ಮುಂದಿನದ್ದು ಮಾಡಬಹುದು. ನಾನು ಇಪ್ಪತ್ತು ವರ್ಷದಿಂದ ಆಸ್ಪತ್ರೆಗಳಲ್ಲಿ ಇಂಥವರ ಜೊತೆ, ಅವರ ಮನೆಯವರ ಜೊತೆ ಕೂತು ಮಾತಾಡುವ ಕೆಲಸ ಮಾಡಿದ್ದೇನೆ. ನನಗೆ ಅವರು ತಿಂಗಳಿಗೆ ಒಂದು ಸಲ ಸಿಗುತ್ತಾರೆ, ಅದೂ ಬಸ್ಸು ಸಿಕ್ಕಿದರೆ. ನಿಮಗೆ ದಿನಕ್ಕೆ ಎರಡು ಸಲ ಸಿಗುತ್ತಿದ್ದರು. ಇದನ್ನು ನೀವು ಸಣ್ಣದು ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಕಾರಣ ಹೇಳುತ್ತೇನೆ.

ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಜೆರೋಮ್ ಮೊಟ್ಟೊ ಅಂತ ಒಬ್ಬ ಮನೋವೈದ್ಯರಿದ್ದರು. ಬದುಕು ಬೇಡ ಅನ್ನಿಸಿ ಆಸ್ಪತ್ರೆ ಸೇರಿ, ಮನೆಗೆ ಹೋದ ಮೇಲೆ "ನಮಗೆ ಇನ್ನು ಚಿಕಿತ್ಸೆ ಬೇಡ" ಅಂದವರು 843 ಜನ ಅವರ ಅಧ್ಯಯನದಲ್ಲಿದ್ದರು. 1969ರಲ್ಲಿ ಶುರುವಾದ ಕೆಲಸ ಅದು. ಒಂದು ಗುಂಪಿನವರಿಗೆ ಆಸ್ಪತ್ರೆಯಿಂದ ಆಗಾಗ ಪತ್ರ ಹೋಗುತ್ತಿತ್ತು. ಪತ್ರದಲ್ಲಿ ಬುದ್ಧಿವಾದ ಇರಲಿಲ್ಲ, "ಚಿಕಿತ್ಸೆಗೆ ಬನ್ನಿ" ಅನ್ನೋ ಒತ್ತಾಯವೂ ಇರಲಿಲ್ಲ. ನೀವು ಬಂದು ಹೋಗಿ ಸ್ವಲ್ಪ ದಿನ ಆಯ್ತು, ಚೆನ್ನಾಗಿದ್ದೀರಿ ಅಂದುಕೊಂಡಿದ್ದೇವೆ, ಬರೆಯಬೇಕು ಅನ್ನಿಸಿದರೆ ಎರಡು ಸಾಲು ಬರೆಯಿರಿ, ನಮಗೆ ಖುಷಿ. ಹೆಚ್ಚುಕಮ್ಮಿ ಇಷ್ಟೇ. ಐದು ವರ್ಷದಲ್ಲಿ ಇಂಥ 24 ಪತ್ರ. ಇನ್ನೊಂದು ಗುಂಪಿಗೆ ಪತ್ರ ಹೋಗಲಿಲ್ಲ. ಪತ್ರ ಹೋದ ಗುಂಪಿನಲ್ಲಿ ಜೀವ ಕಳೆದುಕೊಂಡವರು ಕಡಿಮೆ. ಮೊದಲ ಎರಡು ವರ್ಷದಲ್ಲಂತೂ ಆ ವ್ಯತ್ಯಾಸ ಎದ್ದು ಕಾಣುತ್ತಿತ್ತು.

ನಮ್ಮ ಹತ್ತಿರದ್ದೇ ಇನ್ನೊಂದು ಇದೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಒಂದು ಅಧ್ಯಯನ ಮಾಡಿಸಿತು. ಭಾರತದಲ್ಲಿ ಅದು ಚೆನ್ನೈನಲ್ಲಿ ನಡೆಯಿತು. ಐದೂ ದೇಶ ಸೇರಿ, ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನ. ಅವರಲ್ಲಿ ಅರ್ಧದಷ್ಟು ಜನರ ಜೊತೆ ಒಂದು ಗಂಟೆ ಕೂತು ಮಾತಾಡಿದರು. ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿಯೋ, ಮನೆಗೆ ಹೋಗಿಯೋ ವಿಚಾರಿಸಿಕೊಂಡರು. ಉಳಿದವರಿಗೆ ಮಾಮೂಲಿ ಚಿಕಿತ್ಸೆ. 2008ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಶೇ. 2.2, ಫೋನ್ ಮಾಡಿ, ಮನೆಗೆ ಹೋಗಿ ವಿಚಾರಿಸಿಕೊಂಡ ಗುಂಪಿನಲ್ಲಿ ಶೇ. 0.2.

ಒಂಬತ್ತು ಸಲ. ನಿಮ್ಮ ಡೈರಿಯಲ್ಲಿ ಐದು ದಿನದಲ್ಲಿ ಅಷ್ಟು ಭೇಟಿ ಮುಗಿದು ಹೋಗುತ್ತೆ. ಹಾಗಂತ ನೀವು ಚಿಕಿತ್ಸೆಯ ಜಾಗ ತುಂಬಬೇಕು ಅಂತ ನಾನು ಹೇಳ್ತಿಲ್ಲ. ಅವರಿಗೆ ಡಾಕ್ಟರ್ ಬೇಕು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ "ಇವನು ಇದ್ದಾನಾ, ಹೇಗಿದ್ದಾನೆ" ಅಂತ ಯಾರೋ ಒಬ್ಬರು ಬಿಡದೆ ಕೇಳುತ್ತಿರುವುದು ಮಾತ್ರೆಯಷ್ಟೇ ಮುಖ್ಯ. ಅದು ನಿಮ್ಮ ಕೈಯಲ್ಲಿದೆ.

ಈಗ ಶುರು ಹೇಗೆ?

ಅವರು ಡೈರಿಗೆ ಬರಲಿ ಅಂತ ಕಾಯಬೇಡಿ. ನೀವೇ ಅವರ ಮನೆಗೆ ಹೋಗಿ. ಒಬ್ಬರೇ ಹೋಗಿ. ನಾಲ್ಕು ಜನ ಸೇರಿ ಹೋದರೆ ಅದು ಪಂಚಾಯ್ತಿ ಆಗಿಬಿಡುತ್ತೆ. ಬಟವಾಡೆ ಚೀಟಿ ಕೊಡುವುದಿದ್ದರೆ ಅದನ್ನೇ ಹಿಡಿದುಕೊಂಡು ಹೋಗಿ. ಆದರೆ ಚೀಟಿ ಕೊಡೋಕೆ ಮಾತ್ರ ಬಂದೆ ಅಂತ ನಟಿಸಬೇಡಿ. "ಚೀಟಿ ಕೊಡೋದಿತ್ತು. ಹಂಗೇ ನಿನ್ನ ನೋಡಿಕೊಂಡು ಹೋಗಣ ಅಂತ ಬಂದೆ ಕಣಪ್ಪ" ಅನ್ನಿ. ಸಂಜೆ ಹಾಲು ಕರೆಯುವ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು. ನಡುಮನೆಯಲ್ಲಿ ಎದುರುಬದುರು ಕುರ್ಚಿ ಹಾಕಿ ಕೂತರೆ ಇಬ್ಬರಿಗೂ ಬಾಯಿ ಕಟ್ಟುತ್ತೆ. ಕೊಟ್ಟಿಗೆಯಲ್ಲಿ ಹಾಗಾಗಲ್ಲ. ಹಸುವಿನ ವಿಷಯ ಇರುತ್ತೆ, ಕೈಗೆ ಕೆಲಸ ಇರುತ್ತೆ, ಮುಖ ನೋಡಲೇಬೇಕು ಅನ್ನೋ ಕಷ್ಟ ಇರಲ್ಲ.

ಇದನ್ನು ನಾನು ಕಲಿತಿದ್ದು ಸಕಲೇಶಪುರದ ಕಡೆ ಒಂದು ತೋಟದ ಲೈನ್ ಮನೆಯಲ್ಲಿ. ಒಬ್ಬ ಹೆಣ್ಣುಮಗಳನ್ನು ನೋಡಲು ಹೋಗಿದ್ದೆ. ಮೂರು ಸಲ ಹೋದರೂ "ಚೆನ್ನಾಗಿದೀನಿ ಅಕ್ಕ" ಬಿಟ್ಟರೆ ಒಂದು ಮಾತಿಲ್ಲ. ನಾಲ್ಕನೇ ಸಲ ಹೋದಾಗ ಮಾಗಿ ಕಾಲ. ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಪಾತ್ರೆಗೆ ಕೈ ಹಾಕಿದೆ. ಅವಳು ಬೇಡ ಅನ್ನಲಿಲ್ಲ. ಸುಮಾರು ಅರ್ಧ ಪಾತ್ರೆ ಮುಗಿದಿತ್ತು. ಕಾಳಿನಿಂದ ಕಣ್ಣೆತ್ತದೆ, "ಅಕ್ಕ, ರಾತ್ರಿ ಮೂರು ಗಂಟೆಗೆ ಎಚ್ಚರ ಆಯ್ತದೆ. ಆಗ ಭಯ" ಅಂದಳು. ನಾನೂ ಕಣ್ಣೆತ್ತಲಿಲ್ಲ. "ಮೂರು ಗಂಟೆಗಾ?" ಅಂದೆ ಅಷ್ಟೇ. ಆಮೇಲೆ ಅವಳು ಒಂದು ಗಂಟೆ ಮಾತಾಡಿದಳು. ಸಿಪ್ಪೆಯ ರಾಶಿ, ಬೆರಳ ತುದಿಯ ಆ ಹಸಿ ವಾಸನೆ ನನಗೆ ಇವತ್ತಿಗೂ ನೆನಪಿದೆ.

ಅವರು ಮಾತು ಶುರು ಮಾಡಿದರೆ ನಿಮ್ಮ ಕೆಲಸ ಕೇಳೋದು. ಇದು ಹೇಳಿದಷ್ಟು ಸುಲಭ ಇಲ್ಲ. ನಮ್ಮ ಕಡೆ ಯಾರಾದರೂ ಕಷ್ಟ ಹೇಳಿಕೊಂಡ ತಕ್ಷಣ ಸಮಾಧಾನ ಹೇಳಲೇಬೇಕು ಅನ್ನಿಸುತ್ತೆ. "ಧೈರ್ಯವಾಗಿರು." "ನಿನಗಿಂತ ಕಷ್ಟದಲ್ಲಿ ಇರೋರು ಎಷ್ಟು ಜನ ಇಲ್ಲ?" "ಹೆಂಡತಿ ಮಕ್ಕಳ ಮುಖ ನೋಡು." ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಈ ಮನಃಸ್ಥಿತಿಯಲ್ಲಿ ಇರುವ ಎಷ್ಟೋ ಜನ ನನಗೆ ಹೇಳಿದ್ದಾರೆ: "ಹೆಂಡತಿ ಮಕ್ಕಳ ಮುಖ ನೋಡಿಯೇ ಹಂಗನ್ನಿಸ್ತು ಮೇಡಂ. ನಾನು ಅವರಿಗೆ ಭಾರ ಆಗಿದೀನಿ." ಅಂಥವರಿಗೆ "ಮಕ್ಕಳ ಮುಖ ನೋಡು" ಅಂದರೆ ಗಾಯದ ಮೇಲೆ ಕೈ ಇಟ್ಟ ಹಾಗೆ. ಅದರ ಬದಲು "ಭಾರೀ ಕಷ್ಟ ಪಟ್ಟಿದೀಯ ಕಣಪ್ಪ. ಇಷ್ಟು ದಿನ ಒಬ್ಬನೇ ಹೊತ್ತುಕೊಂಡಿದ್ಯಲ್ಲ" ಅನ್ನಿ. ಅಷ್ಟು ಹೇಳಿ ಸುಮ್ಮನಿರಿ. ಉತ್ತರ ಬರುವ ತನಕ ಸುಮ್ಮನಿರಿ. ಆ ಮೌನ ನಿಮಗೆ ಬಹಳ ಉದ್ದ ಅನ್ನಿಸುತ್ತೆ. ಅವರಿಗೆ ಅದು ಬೇಕು.

"ಹೇಗೆ ಮಾಡಿಕೊಂಡೆ, ಅವತ್ತು ಏನಾಯ್ತು" ಅಂತ ಕೆದಕಬೇಡಿ. ಅದು ಊರಿನ ಕುತೂಹಲ, ನಿಮಗೆ ಬೇಕಾಗಿಲ್ಲ. "ಯಾಕೆ ಹಿಂಗೆ ಮಾಡಿದೆ" ಅನ್ನುವುದೂ ಬೇಡ. ಯಾಕೆ ಅನ್ನೋ ಪದದಲ್ಲೇ ಬೈಗುಳ ಇರುತ್ತೆ. ಅದೂ ಅಲ್ಲದೆ ಒಂದೇ ಕಾರಣ ಅಂತ ಇರುವುದು ಕಡಿಮೆ. ಬೆಳೆ, ಸಾಲ, ನಿದ್ದೆ, ಕುಡಿತ, ಮನಸ್ಸಿನ ಕಾಯಿಲೆ, ಯಾರೋ ಆಡಿದ ಮಾತು, ಎಲ್ಲ ಹೆಣೆದುಕೊಂಡಿರುತ್ತೆ. ಅವರಿಗೇ ಬಿಡಿಸಿ ಹೇಳೋಕೆ ಆಗಲ್ಲ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ, ಆ ವಿಷಯ ಎತ್ತಬಹುದಾ ಅನ್ನೋದು. ಎತ್ತಬಹುದು. ಎತ್ತಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅನ್ನೋ ಭಯ ಎಲ್ಲರಿಗೂ ಇದೆ, ಓದಿದವರಿಗೂ ಇದೆ. ಇದರ ಬಗ್ಗೆ ಸಾಕಷ್ಟು ಅಧ್ಯಯನ ನಡೆದಿದೆ. ಕೇಳಿದ್ದರಿಂದ ಯೋಚನೆ ಹೆಚ್ಚಾಗುತ್ತೆ ಅನ್ನೋದಕ್ಕೆ ಆಧಾರ ಸಿಕ್ಕಿಲ್ಲ. ನಾನು ಕಂಡ ಹಾಗೆ, ಕೇಳಿದಾಗ ಜನ ಉಸಿರು ಬಿಡುತ್ತಾರೆ. ಯಾರಿಗೂ ಹೇಳಲಾಗದ ಮಾತನ್ನು ಒಬ್ಬರು ಬಾಯಿಬಿಟ್ಟು ಕೇಳಿದರಲ್ಲ ಅಂತ.

ಮೊದಲ ದಿನವೇ ಕೇಳಲೇಬೇಕು ಅಂತಿಲ್ಲ. ಆದರೆ ಅವರ ಮಾತಿನಲ್ಲಿ "ನನ್ನಿಂದ ಯಾರಿಗೂ ಉಪಯೋಗ ಇಲ್ಲ", "ಇನ್ನು ಎಷ್ಟು ದಿನ" ಅನ್ನುವಂಥದ್ದು ಬಂದರೆ ಅವತ್ತೇ ಕೇಳಿ. ಸುತ್ತಿ ಬಳಸಿ "ಏನೂ ತಪ್ಪು ಯೋಚನೆ ಮಾಡ್ತಿಲ್ಲ ತಾನೇ?" ಅಂತ ಕೇಳಬೇಡಿ. ಹಾಗೆ ಕೇಳಿದರೆ "ಇಲ್ಲ ಇಲ್ಲ" ಅನ್ನದೆ ಬೇರೆ ದಾರಿ ಇರಲ್ಲ. ಮೆತ್ತಗೆ, ನೇರವಾಗಿ ಕೇಳಿ. "ಈಗಲೂ ಸಾಯಬೇಕು ಅಂತ ಅನ್ನಿಸುತ್ತಾ? ಅನ್ನಿಸಿದ್ರೆ ನನ್ನ ಹತ್ರ ಹೇಳು. ನಾನು ಬೈಯಲ್ಲ, ಗಾಬರಿ ಬೀಳಲ್ಲ."

ಗಾಬರಿ ಆಗುತ್ತೆ. ಎದೆ ಹೊಡೆದುಕೊಳ್ಳುತ್ತೆ. ಪರವಾಗಿಲ್ಲ, ಕೂತ ಜಾಗ ಬಿಟ್ಟು ಏಳದಿದ್ದರೆ ಸಾಕು.

ಹೌದು ಅಂದರೆ ಇನ್ನೂ ಎರಡು ಮಾತು ಕೇಳಬೇಕು. ಆ ಯೋಚನೆ ಯಾವಾಗ ಜಾಸ್ತಿ ಬರುತ್ತೆ? ಹೀಗೇ ಮಾಡಿಕೊಳ್ಳಬೇಕು ಅಂತ ಏನಾದರೂ ತೀರ್ಮಾನ ಮಾಡಿಕೊಂಡಿದ್ದಾರಾ? ತೀರ್ಮಾನ ಮಾಡಿದ್ದೇನೆ ಅಂದರೆ ಅವರನ್ನು ಒಬ್ಬರೇ ಬಿಟ್ಟು ಬರಬೇಡಿ. ಮನೆಯ ದೊಡ್ಡವರೊಬ್ಬರು ಪಕ್ಕದಲ್ಲಿ ಇರಲಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಾಡಿ ಇಲ್ಲದಿದ್ದರೆ 108. ಅಷ್ಟು ತುರ್ತು ಕಾಣದಿದ್ದರೆ 14416ಕ್ಕೆ ಅವರ ಎದುರಿಗೇ ಫೋನ್ ಮಾಡಿ, ಸ್ಪೀಕರ್‌ಗೆ ಹಾಕಿ ಜೊತೆಗೇ ಕೂತಿರಿ. ಇದು ಟೆಲಿ ಮನಸ್, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲಿ ಮಾತಾಡಬಹುದು. ನಂಬರ್ ಬರೆದುಕೊಟ್ಟು "ಬೇಕಾದ್ರೆ ಮಾಡು" ಅಂದರೆ ಆ ಚೀಟಿ ಜೇಬಿನಲ್ಲೇ ಉಳಿಯುತ್ತೆ. ನಿಮಗೇ ದಾರಿ ತಿಳಿಯದಿದ್ದಾಗಲೂ ಅದೇ ನಂಬರಿಗೆ ಮಾಡಿ ಕೇಳಬಹುದು.

ಯೋಚನೆ ಇದ್ದರೂ ಇಲ್ಲದಿದ್ದರೂ ಮನೆಯವರಿಗೆ ಒಂದು ವಿಷಯ ಹೇಳಿ. ಹೊಲದ ಔಷಧಿ, ಮನೆಯಲ್ಲಿ ಉಳಿದ ಮಾತ್ರೆ, ಇಂಥದ್ದೆಲ್ಲ ಸದ್ಯಕ್ಕೆ ಆ ಮನೆಯಲ್ಲೇ ಇರುವುದು ಬೇಡ. ಬೇರೆಯವರ ಮನೆಯಲ್ಲಿ ಬೀಗದೊಳಗೆ ಇರಲಿ. ಡಾಕ್ಟರ್ ಈಗ ಕೊಟ್ಟಿರುವ ಮಾತ್ರೆಯನ್ನು ಹೆಂಡತಿ ದಿನದ ಲೆಕ್ಕದಲ್ಲಿ ಕೊಡಲಿ. "ಮನಸ್ಸು ಮಾಡಿದವರು ಹೇಗಾದರೂ ಮಾಡಿಕೊಳ್ತಾರೆ" ಅಂತ ಜನ ಹೇಳ್ತಾರೆ, ಅದು ಸುಳ್ಳು. ಆ ತೀವ್ರ ಘಳಿಗೆ ಅಲೆಯ ಹಾಗೆ ಏರಿ ಇಳಿಯುತ್ತೆ. ಆಗ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತೆ. ಶ್ರೀಲಂಕಾದಲ್ಲಿ ಬಹಳ ಅಪಾಯದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. 1995ರಿಂದ ಇಪ್ಪತ್ತು ವರ್ಷದಲ್ಲಿ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ಪ್ರಯತ್ನಿಸಿ ಉಳಿದವರಲ್ಲಿ ಬಹುಪಾಲು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ, ಇದನ್ನೂ ಮನೆಯವರಿಗೆ ಹೇಳಿ. ಆದರೆ ಆಸ್ಪತ್ರೆಯಿಂದ ಬಂದ ಮೊದಲ ಕೆಲವು ವಾರ, ಕೆಲವು ತಿಂಗಳು ಜಾಗ್ರತೆ ಬೇಕು. ನೀವು ಬರೆದಿರುವ ಮೂರು ವಾರ ಅಂದರೆ ಇನ್ನೂ ಅದರೊಳಗೇ ಇದ್ದೀರಿ.

ಆಣೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ಇದು ನಮ್ಮ ಕಡೆ ಮನೆಮನೆಯಲ್ಲೂ ನಡೆಯುತ್ತೆ. ಮಗಳ ತಲೆ ಮುಟ್ಟಿಸಿ, ಇಲ್ಲವೇ ಮಂಜುನಾಥಸ್ವಾಮಿ ಮೇಲೆ, "ಇನ್ನು ಮುಂದೆ ಹಿಂಗೆ ಮಾಡಲ್ಲ" ಅಂತ ಆಣೆ ಮಾಡಿಸುತ್ತಾರೆ. ಮಾಡಿಸಿದವರಿಗೆ ನೆಮ್ಮದಿ. ಆದರೆ ಯೋಚನೆ ಆಣೆಗೆ ಹೆದರಿ ನಿಲ್ಲುವುದಿಲ್ಲ. ಅದು ಮತ್ತೆ ಬಂದಾಗ ಅವರು ಏನು ಮಾಡಬೇಕು? ಬಾಯಿಬಿಟ್ಟರೆ ಮಗಳ ತಲೆ ಮೇಲಿನ ಆಣೆ ಮುರಿದಂತೆ ಅಂತ ಒಳಗೇ ಇಟ್ಟುಕೊಳ್ಳುತ್ತಾರೆ. ನಮಗೆ ಬೇಕಾದ್ದು ಬಾಯಿ ಬಿಡೋದು. ಅದಕ್ಕೇ ಆಣೆಯ ಬದಲು ಒಂದು ಒಪ್ಪಂದ ಮಾಡಿಕೊಳ್ಳಿ: "ಆ ಯೋಚನೆ ಬಂದ್ರೆ ಎಷ್ಟು ಹೊತ್ತಾದ್ರೂ ನಂಗೆ ಫೋನ್ ಮಾಡು. ನಾನು ಎತ್ತಲಿಲ್ಲ ಅಂದ್ರೆ ನಿಮ್ಮ ಭಾವನಿಗೆ ಮಾಡು. ಅವರೂ ಎತ್ತಲಿಲ್ಲ ಅಂದ್ರೆ 14416." ಮೂರು ನಂಬರ್ ಅವರ ಫೋನಿನಲ್ಲಿ ಮೇಲೇ ಕಾಣುವ ಹಾಗೆ ಹಾಕಿಕೊಡಿ. ಹಾಗೆಯೇ ನೀವೂ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. "ಊರಲ್ಲಿ ಬಾಯಿ ಬಿಡಲ್ಲ. ಆದ್ರೆ ನಿನ್ನ ಜೀವಕ್ಕೆ ಅಪಾಯ ಅನ್ನಿಸಿದ್ರೆ ಡಾಕ್ಟ್ರಿಗೆ, ಮನೆಯವರಿಗೆ ಹೇಳೇ ಹೇಳ್ತೀನಿ" ಅಂತ ಮೊದಲೇ ಹೇಳಿಬಿಡಿ. ಮುಚ್ಚುಮರೆ ಇಲ್ಲದೆ ಹೇಳಿದವರನ್ನು ಜನ ನಂಬುತ್ತಾರೆ.

ಕೇಸಿನ ಭಯಕ್ಕೆ ಉತ್ತರ: 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ, ಬೇರೆ ಥರ ಸಾಬೀತಾಗದ ಹೊರತು ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡುವ ಹಾಗಿಲ್ಲ. ಅವರ ಆರೈಕೆ ಸರ್ಕಾರದ ಹೊಣೆ. ಹಳೆಯ ದಂಡ ಸಂಹಿತೆಯಲ್ಲಿ ಇದನ್ನು ಅಪರಾಧ ಅನ್ನುತ್ತಿದ್ದ 309ನೇ ಕಲಂ 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಇಲ್ಲ. ಆಸ್ಪತ್ರೆಯಲ್ಲಿ ಪೊಲೀಸರಿಗೆ ತಿಳಿಸಿ ಹೇಳಿಕೆ ಪಡೆಯುವುದು ನಡೆಯುತ್ತೆ, ಅದನ್ನು ನೋಡಿ ಮನೆಯವರು ಹೆದರಿರಬಹುದು. ಈ ಭಯಕ್ಕೆ ಚಿಕಿತ್ಸೆ ನಿಲ್ಲಿಸಬೇಕಾಗಿಲ್ಲ ಅಂತ ತಿಳಿಸಿ ಹೇಳಿ.

ಚಿಕಿತ್ಸೆ ಮುಂದುವರಿದಿದೆಯಾ ಅಂತ ಕೇಳಿ. ಮೊದಲ ತಿಂಗಳ ಮಾತ್ರೆ ಮುಗಿದ ಮೇಲೆ ನಿಂತು ಹೋಗುವುದೇ ಜಾಸ್ತಿ. ಹಾಸನದಲ್ಲಿ ಹಿಮ್ಸ್, ಅಂದರೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲೂ ಮನೋವೈದ್ಯರು ನೋಡುವ ಏರ್ಪಾಡಿದೆ. ಹೋಗುವ ಮೊದಲು ನಿಮ್ಮೂರ ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿಕೊಳ್ಳಿ. ಸಾಧ್ಯ ಆದರೆ ಮೊದಲ ಸಲ ನೀವೂ ಜೊತೆಗೆ ಹೋಗಿ. ಬೆಳಿಗ್ಗೆ ಹಾಲು ಕಳಿಸಿ ಹೊರಟರೆ ಸಂಜೆ ಹಾಲಿನ ಹೊತ್ತಿಗೆ ಬರಬಹುದು. ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಹೋಗಿ ಬರುವ ಆ ದಾರಿ ಇದೆಯಲ್ಲ, ಡಾಕ್ಟರ ಕೋಣೆಯಲ್ಲಿ ಬರದ ಎಷ್ಟೋ ಮಾತು ಅಲ್ಲಿ ಬರುತ್ತೆ.

ಸಾಲದ ಕಾಟ ಇದ್ದರೆ ಸಮಾಧಾನದ ಮಾತಿಗಿಂತ ನಿಮ್ಮ ಲೆಕ್ಕದ ತಲೆ ಉಪಯೋಗಕ್ಕೆ ಬರುತ್ತೆ. ಯಾರಿಗೆ ಎಷ್ಟು ಕೊಡಬೇಕು ಅಂತ ಒಂದು ಹಾಳೆಯಲ್ಲಿ ಬರೆಯಲು ಜೊತೆಗೆ ಕೂತುಕೊಳ್ಳಿ. ತಲೆಯೊಳಗೆ ಇದ್ದಾಗ ಬೆಟ್ಟ ಆಗಿರುವ ಸಾಲಕ್ಕೆ ಹಾಳೆಯ ಮೇಲೆ ಒಂದು ಅಳತೆ ಸಿಗುತ್ತೆ. ಮೈಕ್ರೋಫೈನಾನ್ಸ್‌ನವರು ಮನೆ ಮುಂದೆ ಬಂದು ಕಿರುಕುಳ ಕೊಡುತ್ತಿದ್ದರೆ, ಅದನ್ನು ತಡೆಯಲೆಂದೇ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಪೊಲೀಸರಿಗೆ ದೂರು ಕೊಡಬಹುದು. ದೂರು ಬರೆಯಲು ಕೈ ಜೋಡಿಸಿ.

ಆ ಮಗುವಿನ ಬಗ್ಗೆ. ಸಾಲಿನಲ್ಲಿ ಎಲ್ಲರ ಎದುರು "ಅಪ್ಪ ಹೇಗಿದ್ದಾರಮ್ಮ" ಅಂತ ಕೇಳಬೇಡಿ, ಬೇರೆಯವರು ಕೇಳಿದರೂ ತಡೆಯಿರಿ. ಹನ್ನೊಂದು ವರ್ಷದ ಮಗು ಬೆಳಿಗ್ಗೆ ಆರು ಗಂಟೆಗೆ ಕ್ಯಾನಿನ ಜೊತೆ ಇನ್ನೂ ಏನೇನು ಹೊತ್ತು ಬರುತ್ತಿದೆಯೋ. ಅವಳ ಸ್ಕೂಲಿನ ವಿಷಯ ಕೇಳಿ, ಬೇಗ ಹಾಲು ಅಳೆದು ಕಳಿಸಿ. ಅವಳ ಟೀಚರ್ ನಿಮಗೆ ಪರಿಚಯ ಇದ್ದರೆ, ಅವಳ ತಾಯಿಯನ್ನು ಕೇಳಿ ಒಂದು ಮಾತು ಹೇಳಿಡಿ.

ಅವರು ಮತ್ತೆ ಡೈರಿಗೆ ಬಂದ ದಿನ ನೀವು ತಲೆ ಎತ್ತಿ ಹೆಸರು ಹಿಡಿದು ಕರೆಯಿರಿ. ಬಹಳ ಮೆರವಣಿಗೆ ಬೇಡ. "ಬಾರಪ್ಪ. ಫ್ಯಾಟ್ ಸ್ವಲ್ಪ ಇಳಿದಿದೆ, ಹಿಂಡಿ ಬದಲಾಯಿಸಿದ್ಯಾ?" ಅಂದರೆ ಸಾಕು. ಡೈರಿಯಲ್ಲಿ ಎಲ್ಲರ ಹತ್ತಿರ ಆಡುವ ಮಾತನ್ನೇ ಅವರ ಹತ್ತಿರವೂ ಆಡಿದಾಗ ಸಾಲಿನವರೂ ಸಡಿಲ ಆಗುತ್ತಾರೆ.

ನೀವು ತಪ್ಪು ಮಾತಾಡಿಬಿಡಬಹುದು. ನಾನೂ ಆಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯರ ಮುಂದೆ ಕೂತು ಫಾರಂ ತುಂಬುತ್ತಿದ್ದೆ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಸಾಯುವ ಯೋಚನೆ ಇದೆಯಾ, ಒಂದರ ಹಿಂದೆ ಒಂದು. ತಲೆ ಎತ್ತಿರಲಿಲ್ಲ. ಅವರು "ಅಮ್ಮಾ, ನೀನು ಬರ್ಕೊಂಡು ಮುಗಿಸು. ಆಮೇಲೆ ನನ್ನ ಮುಖ ನೋಡ್ಕೊಂಡು ಕೇಳೀಯಂತೆ" ಅಂದರು. ಪೆನ್ನು ಕೆಳಗಿಟ್ಟೆ. "ತಪ್ಪಾಯ್ತು, ಹೇಳಿ" ಅಂದೆ. ಅವರು ಹೇಳಿದರು. ತಪ್ಪು ಮಾತು ಬಂದರೆ ನೀವೂ ಹಾಗೇ ಹೇಳಿ, ಮಾರನೇ ದಿನ ಮತ್ತೆ ಹೋಗಿ.

ಎಲ್ಲ ಮಾಡಿದರೂ ಕೆಲವೊಮ್ಮೆ ಜೀವ ಉಳಿಯುವುದಿಲ್ಲ. ನಾನು ನೋಡುತ್ತಿದ್ದವರನ್ನೂ ಕಳೆದುಕೊಂಡಿದ್ದೇನೆ. ಆ ನೋವು ಹೋಗಿಲ್ಲ. ಇದನ್ನು ಹೇಳುವುದು ಯಾಕೆಂದರೆ, ಒಬ್ಬರ ಜೀವದ ಪೂರ್ತಿ ಹೊಣೆ ನಿಮ್ಮ ಒಬ್ಬರ ಹೆಗಲ ಮೇಲೆ ಇಲ್ಲ, ಇರಲೂ ಬಾರದು. ಅವರ ಹೆಂಡತಿ, ಭಾವ, ಆಶಾ ಕಾರ್ಯಕರ್ತೆ, ಡಾಕ್ಟರ್, ಎಲ್ಲರೂ ಒಂದೊಂದು ಕೈ ಹಿಡಿಯಬೇಕು. ರಾತ್ರಿ ನಿಮಗೇ ನಿದ್ದೆ ಬರದಿದ್ದರೆ, ನಿಮ್ಮ ಮನೆಯವರ ಹತ್ತಿರ ಹೇಳಿಕೊಳ್ಳಿ. 14416 ನಿಮಗೂ ಇದೆ.

ಇವತ್ತು ಸಂಜೆ ಡೈರಿ ಬಾಗಿಲು ಹಾಕಿದ ಮೇಲೆ ಮನೆಗೆ ಹೋಗುವ ಮೊದಲು ಅವರ ಕೊಟ್ಟಿಗೆ ಕಡೆ ಹೋಗಿ. ಮಗಳು ಬಿಟ್ಟು ಹೋದ ಖಾಲಿ ಕ್ಯಾನ್ ಏನಾದರೂ ಇದ್ದರೆ, ಅದನ್ನೂ ತೆಗೆದುಕೊಂಡು ಹೋಗಿ ಕೊಡಿ.